ಅಪಸ್ಮಾರ ಮತ್ತು ಮಿದುಳಿನ ವಿದ್ಯುತ್ತು

ಪಾಠ ನಡೆಯುತ್ತಿರುವಾಗಲೇ ವಿದ್ಯಾರ್ಥಿಯೊಬ್ಬನು ಥಟ್ಟನೆ ಬೆಂಚಿನಿಂದ ಕೆಳಕ್ಕುರುಳುತ್ತಾನೆ. ಮೈ ಸೆಟೆಯುತ್ತದೆ, ಕೈಕಾಲುಗಳು ಅದುರುತ್ತವೆ, ಬಾಯಲ್ಲಿ ನೊರೆ ಕಾಣಿಸುತ್ತದೆ. ಯಾರೋ ಅವನ ಕೈಗೆ ಬೀಗದ ಕೈ ತುರುಕುತ್ತಾರೆ. ಎರಡು ಮೂರು ನಿಮಿಷಗಳಲ್ಲಿ ಸೆಳವು ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಬೀಗದ ಕೈಗೆ ಸಲ್ಲುತ್ತದೆ! ನಿಜವಾಗಿ ಅಲ್ಲಿ ನಡೆದುದೇನು?

ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರನೆಂದೇ. ಸ್ಮೃತಿ ತಪ್ಪುವುದೆಂಬುದು ಆ ಪದದ ಅರ್ಥ. ಆದರೆ ಇದು ದೆವ್ವದ ಕಾಟವಲ್ಲ, ಒಬ್ಬರಿಂದೊಬ್ಬರಿಗೆ ಅಂಟುವ ಜಾಡ್ಯವೂ ಅಲ್ಲ. ಇದರ ಮೂಲವಿರುವುದು ಮಿದುಳಿನ ವಿದ್ಯುತ್ತಿನಲ್ಲಿ.

ನರಕೋಶದ ಒಳಗೂ ಹೊರಗೂ ನಡುವೆ ಸುಮಾರು 70 ಮಿಲಿವೋಲ್ಟುಗಳ ವಿಭವಾಂತರವಿರುತ್ತದೆ. ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಅದು ಕ್ಷಣಮಾತ್ರ ತಲೆಕೆಳಗಾಗಿ, ಸಂಕೇತವೊಂದು ಮುಂದಕ್ಕೆ ಹರಿಯುತ್ತದೆ. ಕೆಲವು ಕೋಶಗಳು ನೆರೆಯವನ್ನು ಪ್ರಚೋದಿಸಿದರೆ, ಬೇರೆ ಕೆಲವು ತಡೆಹಿಡಿಯುತ್ತವೆ. ಈ ಸಮತೋಲ ಕೆಟ್ಟಾಗ ಅಸಂಖ್ಯಾತ ಕೋಶಗಳು ಏಕಕಾಲದಲ್ಲಿ ವಿಸರ್ಜನೆಗೊಳ್ಳುತ್ತವೆ. ಸಂತೆಯಲ್ಲಿ ಎಲ್ಲರೂ ತಂತಮ್ಮ ಮಾತನ್ನಾಡುತ್ತಿದ್ದರೆ ವ್ಯಾಪಾರ ಸಾಗುತ್ತದೆ; ಎಲ್ಲರೂ ಒಂದೇ ಕೂಗನ್ನು ಕೂಗತೊಡಗಿದರೆ ಅದು ನಿಲ್ಲುವುದಷ್ಟೆ. ಸೆಳವೆಂದರೆ ಇದೇ.

1873ರಲ್ಲಿ ಇಂಗ್ಲೆಂಡಿನ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್ ಇದನ್ನು ಮಿದುಳಿನ ಬೂದುಭಾಗದ ಹಠಾತ್ ವಿಸರ್ಜನೆಯೆಂದು ಊಹಿಸಿದನು. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮಾನವ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲಬಾರಿಗೆ ದಾಖಲಿಸಿದನು. ನೆತ್ತಿಯ ಮೇಲೆ ದೊರೆಯುವುದು ಕೆಲವು ಹತ್ತು ಮೈಕ್ರೋವೋಲ್ಟುಗಳು ಮಾತ್ರ. ಆದರೂ ವೈದ್ಯರಿಗೆ ಅದು ಅಮೂಲ್ಯ ಸಾಕ್ಷಿ.

ಸೆಳವಿನಲ್ಲಿ ಬಗೆಗಳುಂಟು. ಮಿದುಳಿನ ಒಂದೆಡೆ ಮೊದಲಾಗುವುದು ಸ್ಥಾನಿಕ ಸೆಳವು. ಆಗ ಒಂದು ಕೈ ಮಾತ್ರ ಅದುರಬಹುದು, ಇಲ್ಲದ ವಾಸನೆ ಬಂದಂತಾಗಬಹುದು. ಎರಡು ಪಾರ್ಶ್ವಗಳಲ್ಲಿಯೂ ಆರಂಭದಿಂದಲೇ ವ್ಯಾಪಿಸುವುದು ಸಾರ್ವತ್ರಿಕ ಸೆಳವು. ಮೈ ಸೆಟೆದು ಅದುರುವುದಷ್ಟೇ ಇದರ ರೂಪವಲ್ಲ. ಕೆಲವು ಮಕ್ಕಳು ಹತ್ತಾರು ಸೆಕೆಂಡು ಶೂನ್ಯದೃಷ್ಟಿಯಿಂದ ನಿಂತುಬಿಡುತ್ತಾರೆ. ಆಗ ತರಂಗಲೇಖದಲ್ಲಿ ಸೆಕೆಂಡಿಗೆ ಸುಮಾರು ಮೂರರಂತೆ ಚೂಪು ಅಲೆಗಳು ಮೂಡುತ್ತವೆ. ಇಂಥ ಮಗುವನ್ನು ಅಲಕ್ಷ್ಯವುಳ್ಳವನೆಂದು ಬೈಯುವ ಉಪಾಧ್ಯಾಯರೂ ಇಲ್ಲದಿಲ್ಲ! ಇನ್ನು, ಎಳೆಯ ಮಕ್ಕಳಿಗೆ ಜ್ವರದಲ್ಲಿ ಬರುವ ಸೆಳವೆಲ್ಲ ಅಪಸ್ಮಾರವಲ್ಲ. ತಕ್ಷಣದ ಕಾರಣವಿಲ್ಲದೆ ಮರುಕಳಿಸುವ ಪ್ರವೃತ್ತಿಗೆ ಮಾತ್ರ ಆ ಹೆಸರು.

1857ರಲ್ಲಿ ಬ್ರೋಮೈಡ್, 1912ರಲ್ಲಿ ಫಿನೋಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಚಿಕಿತ್ಸೆಗೆ ಬಂದವು. ಸೋಡಿಯಂ ಅಯಾನುಗಳ ದ್ವಾರವನ್ನು ಬಿಗಿಹಿಡಿದು ಅತಿವಿಸರ್ಜನೆಯನ್ನು ತಡೆಯುವುದೇ ಫೆನಿಟಾಯಿನ್ನಿನ ಗುಟ್ಟು. ತಕ್ಕ ಔಷಧಿ ದೊರೆತರೆ ನೂರಕ್ಕೆ ಸುಮಾರು 70 ಮಂದಿ ಸೆಳವಿಲ್ಲದೆ ಬಾಳಬಲ್ಲರು. ಉಳಿದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ಫಲಕಾರಿ. ಗುಣವಾಯಿತೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವುದು ಅಪಾಯಕರ.

ಕಣ್ಣೆದುರಿಗೆ ಸೆಳವು ಬಂದಾಗ ನಾವು ಮಾಡಬೇಕಾದುದು ಸ್ವಲ್ಪವೇ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ರೋಗಿಯನ್ನು ಪಕ್ಕಕ್ಕೆ ಹೊರಳಿಸಬೇಕು. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಕೂಡದು. ಕೈಕಾಲುಗಳನ್ನು ಅದುಮಿ ಹಿಡಿಯಕೂಡದು. ಗಡಿಯಾರ ನೋಡುತ್ತಿರಬೇಕು: ಐದು ನಿಮಿಷ ಮೀರಿದರೆ ಆಸ್ಪತ್ರೆಯೇ ಗತಿ.

ಅಪಸ್ಮಾರವುಳ್ಳವರ ವಿವಾಹಕ್ಕೆ ಹಿಂದೂ ವಿವಾಹ ಕಾನೂನಿನಲ್ಲಿದ್ದ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಲಾಯಿತು. ಕಾನೂನು ಬಿಟ್ಟುದನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಂಡಿರುವುದೇಕೆ? ಎಚ್ಚೆತ್ತ ಆ ವಿದ್ಯಾರ್ಥಿ ಮೊದಲು ನೋಡುವುದು ಸುತ್ತಲಿನ ನಮ್ಮ ಮುಖಗಳನ್ನು. ಅಲ್ಲಿ ಅವನಿಗೆ ಹೆದರಿಕೆ ಕಾಣದಿರಲಿ, ಸ್ನೇಹ ಕಾಣಲಿ.