ಬೇಸಿಗೆಗೆ ಹೊರದೇಶದ ಲ್ಯಾಬು, ಕೈಯಲ್ಲಿ ಊರಿನ ಪ್ರಶ್ನೆ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳ 13,000 ಎಕರೆಯಲ್ಲಿ ಸೌರ ಫಲಕಗಳು ಸಾಲುಗಟ್ಟಿ ನಿಂತಿವೆ. ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. ಇಂಥ ಯೋಜನೆಗೆ ಕೈಹಾಕುವವರಿಗೆ ಮೊದಲು ಬೇಕಾಗುವುದು ಒಂದು ಲೆಕ್ಕ: ಈ ನೆಲದ ಮೇಲೆ ವರ್ಷವಿಡೀ ಎಷ್ಟು ಬಿಸಿಲು ಬೀಳುತ್ತದೆ? ಭಾರತದಲ್ಲಿ ಬಿಸಿಲನ್ನು ಕ್ರಮವಾಗಿ ಅಳೆದು ದಾಖಲಿಸುವ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಅನ್ನಾ ಮಣಿ ಮುಖ್ಯರು. ಆ ವಿದ್ಯೆಯನ್ನು ಅವರು ಕಲಿತದ್ದು ತರಬೇತಿಗೆಂದು ಹೊರದೇಶಕ್ಕೆ ಹೋದಾಗ.

ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಐದು ಸಂಶೋಧನಾ ಲೇಖನ ಬರೆದರು. ಎಂ.ಎಸ್ಸಿ ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ ಮಾತ್ರ ಸಿಗಲಿಲ್ಲ. 1945ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೊರಟಾಗ ಅವರ ಮನಸ್ಸಿದ್ದುದು ಭೌತಶಾಸ್ತ್ರದಲ್ಲಿ. ಅಲ್ಲಿ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಅದನ್ನೇ ಮನಸ್ಸಿಟ್ಟು ಕಲಿತು 1948ರಲ್ಲಿ ಹಿಂದಿರುಗಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಮುಂದೆ ದೇಶದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಭಾರತದ ಸೌರ ವಿಕಿರಣ ಮಾಹಿತಿಯ ಕೈಪಿಡಿ 1980ರಲ್ಲಿ ಹೊರಬಂತು.

ಅಂದು ಬೆರಳೆಣಿಕೆಯ ಮಂದಿಗೆ ಸಿಗುತ್ತಿದ್ದ ಅಂಥ ಅವಕಾಶ ಇಂದು ಬೇಸಿಗೆ ಸಂಶೋಧನಾ ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಪದವಿ ವಿದ್ಯಾರ್ಥಿಗಳಿಗೂ ತೆರೆದಿದೆ. ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ 1962ರಿಂದ ಬೇಸಿಗೆ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತಿದೆ. ಅಮೆರಿಕದ ಎಂಐಟಿ 1969ರಲ್ಲಿ, ಕ್ಯಾಲ್‌ಟೆಕ್ 1979ರಲ್ಲಿ ಪದವಿ ಹಂತದವರನ್ನೇ ಸಂಶೋಧನೆಗೆ ಹಚ್ಚುವ ಕಾರ್ಯಕ್ರಮ ಆರಂಭಿಸಿದವು. ಹರ್ ಗೋಬಿಂದ್ ಖೊರಾನಾ ಅವರು ನೊಬೆಲ್ ಪಡೆದಾಗ ಕೆಲಸ ಮಾಡುತ್ತಿದ್ದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ವಿದ್ಯಾರ್ಥಿ ಯೋಜನೆ 2007ರಲ್ಲಿ ಶುರುವಾಯಿತು. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್ ಹನ್ನೆರಡು ವಾರಗಳದ್ದು. ಜಪಾನಿನ ಒಕಿನಾವಾದ ವಿಜ್ಞಾನ ಸಂಸ್ಥೆ, ವಿಯೆನ್ನಾ ಪಕ್ಕದ ಆಸ್ಟ್ರಿಯಾ ವಿಜ್ಞಾನ ಸಂಸ್ಥೆಗಳೂ ಹೊರದೇಶದ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತವೆ.

ಹೋದವರ ದಿನಚರಿ ಹೇಗಿರುತ್ತದೆ? ಮೊದಲ ವಾರವೆಲ್ಲ ಸುರಕ್ಷತೆಯ ಪಾಠ, ಓದಬೇಕಾದ ಪ್ರಬಂಧಗಳ ರಾಶಿ, ಉಪಕರಣಗಳ ಪರಿಚಯ. ಪಕ್ಕದಲ್ಲಿ ಕೂತು ಕೆಲಸ ಹೇಳಿಕೊಡುವವರು ಹೆಚ್ಚಾಗಿ ಪಿಎಚ್.ಡಿ ವಿದ್ಯಾರ್ಥಿಗಳು. ವಾರಕ್ಕೊಮ್ಮೆ ಗುಂಪಿನ ಸಭೆ. ಅಲ್ಲಿ ಪ್ರೊಫೆಸರ್ ಹೇಳಿದ್ದನ್ನೂ ಪ್ರಶ್ನಿಸಬಹುದು, ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಯಾರೂ ನಗುವುದಿಲ್ಲ. ‘ಸರ್’, ‘ಮೇಡಂ’ ಎಂದೇ ಬೆಳೆದವರಿಗೆ ಪ್ರೊಫೆಸರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ನಮ್ಮ ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಸರಿಯುತ್ತರ ಮೊದಲೇ ಗೊತ್ತಿರುತ್ತದೆ. ಅಲ್ಲಿ ಉತ್ತರ ಗೈಡ್‌ಗೂ ಗೊತ್ತಿರುವುದಿಲ್ಲ. ಕೆಟ್ಟುಹೋದ ಪ್ರಯೋಗವನ್ನೂ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಕೊನೆಯಲ್ಲಿ ಇಷ್ಟು ವಾರ ಮಾಡಿದ್ದನ್ನು ಹತ್ತಾರು ಜನರೆದುರು ಕೆಲವೇ ನಿಮಿಷಗಳಲ್ಲಿ ವಿವರಿಸಬೇಕು.

ಲ್ಯಾಬಿನ ಹೊರಗೂ ಕಲಿಯುವುದು ಬೇಕಾದಷ್ಟಿದೆ. ಜೂನ್ ತಿಂಗಳಲ್ಲಿ ಜಿನೀವಾದ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಅಡುಗೆ ತಾನೇ ಮಾಡಿಕೊಳ್ಳಬೇಕು, ಸ್ಟೈಪೆಂಡನ್ನು ಲೆಕ್ಕ ಹಾಕಿ ಖರ್ಚು ಮಾಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಇಂಗ್ಲಿಷಿನ ಅಳುಕು ಕಾಡುವುದುಂಟು. ಆದರೆ ಅಲ್ಲಿ ಬರುವ ಜಪಾನ್, ಬ್ರೆಜಿಲ್, ಇಟಲಿಯ ಎಷ್ಟೋ ವಿದ್ಯಾರ್ಥಿಗಳಿಗೂ ಇಂಗ್ಲಿಷ್ ಮನೆಮಾತಲ್ಲ.

ಮಧುಗಿರಿ, ಪಾವಗಡ ಭಾಗದವರಿಗೆ ಇದು ದೂರದ ಕನಸು ಎನ್ನುವವರು ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರನ್ನು ನೆನೆಯಬೇಕು. ಅಲ್ಲಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ಓದಬೇಕೆಂಬ ಒಂದೇ ಹಟದಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರ ಓದಿ 1960ರಲ್ಲಿ ಪಿಎಚ್.ಡಿ ಪಡೆದರು. ತಾಯ್ನಾಡಿಗೆ ಮರಳಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ತಂದರು.

ಅರ್ಜಿಯಲ್ಲಿ ಅಂಕಗಳಷ್ಟೇ ತೂಕ ಇನ್ನೊಂದಕ್ಕಿದೆ: ನಿನಗೆ ಯಾವ ಪ್ರಶ್ನೆ ಮುಖ್ಯ, ಏಕೆ ಮುಖ್ಯ ಎಂಬ ಒಂದು ಪುಟದ ಬರಹ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತ ಬಂದಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಫ್ಲೋರೈಡನ್ನು ಕಡಿಮೆ ಖರ್ಚಿನಲ್ಲಿ ಸೋಸುವುದು ಹೇಗೆ? ಸೌರ ಫಲಕಗಳ ಮೇಲೆ ಕೂರುವ ದೂಳನ್ನು ನೀರಿಲ್ಲದ ಸೀಮೆಯಲ್ಲಿ ತೆಗೆಯುವುದು ಹೇಗೆ? ಸೌರ ಯೋಜನೆಗೆ ಜಮೀನು ಗುತ್ತಿಗೆಗೆ ಹೋದ ಮೇಲೆ ಕೂಲಿಯವರು, ಕುರಿಗಾಹಿಗಳು ಬದುಕು ಕಟ್ಟಿಕೊಂಡದ್ದು ಹೇಗೆ? ಅಧ್ಯಯನಕ್ಕೆ ಜೀವಲೋಕವೂ ಕಾದಿದೆ: ಮಧುಗಿರಿಯ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಶಿರಾದ ಕಗ್ಗಲಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾಗಿದೆ.

ಇಂಥ ಪ್ರಶ್ನೆ ಹಿಡಿದು ಹೊರಟ ದೊಡ್ಡ ವಿಜ್ಞಾನಿಗಳ ಉದಾಹರಣೆಯೂ ಇಲ್ಲೇ ಇದೆ. ಹಾರ್ವರ್ಡ್‌ನಲ್ಲಿ ಪಿಎಚ್.ಡಿ ಮಾಡಿ ಬೆಂಗಳೂರಿಗೆ ಬಂದ ಮುಂಗಾರು ತಜ್ಞೆ ಸುಲೋಚನಾ ಗಾಡ್ಗೀಳ್, ಪಾವಗಡ ಸೀಮೆಯ ಕೃಷಿಕ ವಿಜ್ಞಾನಿ ಪಿ.ಆರ್. ಶೇಷಗಿರಿ ರಾವ್ ಅವರ ಜೊತೆಗೂಡಿ ಮಳೆಯಾಶ್ರಿತ ಕಡ್ಲೇಕಾಯಿ ಬೇಸಾಯವನ್ನು ಅಧ್ಯಯನ ಮಾಡಿದರು. ಯಾವಾಗ ಬಿತ್ತಿದರೆ ನಷ್ಟದ ಭಯ ಕಡಿಮೆ ಎಂಬ ರೈತರ ಪ್ರಶ್ನೆ ಹೀಗೆ ವಿಜ್ಞಾನ ಪತ್ರಿಕೆಗಳಿಗೆ ಏರಿತು.

ನೇರ ಜಿನೀವಾ ವಿಮಾನ ಹತ್ತಬೇಕೆಂದೇನೂ ಇಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಫೆಲೋಶಿಪ್ ಒಳ್ಳೆಯ ಮೊದಲ ಮೆಟ್ಟಿಲು. ಪಿಯುಸಿಯಲ್ಲಿ ರಾಜ್ಯದ ಮೇಲಿನ ಶೇ 1ರಷ್ಟು ಮಂದಿಯಲ್ಲಿದ್ದು ಮೂಲವಿಜ್ಞಾನ ಪದವಿಗೆ ಸೇರುವವರಿಗಿರುವ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ರೂಪಾಯಿ ಬೇಸಿಗೆ ಸಂಶೋಧನೆಗೆಂದೇ ಮೀಸಲು. ಹೀಗೆ ಕೆಲಸ ಮಾಡಿದವರ ಬಗ್ಗೆ ಗೈಡ್ ಬರೆಯುವ ಶಿಫಾರಸು ಪತ್ರ, ಮುಂದೆ ಹೊರದೇಶದ ಅರ್ಜಿಗೆ ಬಲ ಕೊಡುತ್ತದೆ.

ಎಡವುವುದು ಹೆಚ್ಚಾಗಿ ಕಾಲದ ಲೆಕ್ಕದಲ್ಲಿ. ಬೇಸಿಗೆಯ ಬಹುತೇಕ ಅವಕಾಶಗಳಿಗೆ ಹಿಂದಿನ ಸೆಪ್ಟೆಂಬರಿನಿಂದ ಜನವರಿಯೊಳಗೇ ಅರ್ಜಿ ಹಾಕಿ ಮುಗಿಸಿರಬೇಕು. ಏಪ್ರಿಲ್‌ನಲ್ಲಿ ಸುದ್ದಿ ತಿಳಿದರೆ ಆ ವರ್ಷ ಹೋದಂತೆಯೇ. ಪಾಸ್‌ಪೋರ್ಟಿನ ಸಾಮಾನ್ಯ ಶುಲ್ಕ 1,500 ರೂಪಾಯಿ. ಆಯ್ಕೆಯಾಗುವ ಮೊದಲೇ ಅದನ್ನು ಮಾಡಿಸಿಟ್ಟರೆ ವೀಸಾಗೆ ಓಡಾಡಲು ಸಮಯ ಉಳಿಯುತ್ತದೆ. ಹಣ ಕಟ್ಟಿದರೆ ಸೀಟು ಕೊಡಿಸುತ್ತೇವೆ ಎನ್ನುವ ಏಜೆಂಟರಿಂದ ದೂರವಿರಬೇಕು. ಮೇಲೆ ಹೇಳಿದಂಥ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗೆ ಸಂಸ್ಥೆಯೇ ಹಣ ಕೊಡುತ್ತದೆ.

ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಪ್ರತಿ ಆಗಸ್ಟಿನಲ್ಲಿ ಈ ಕಾರ್ಯಕ್ರಮಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ. ಆಸಕ್ತಿಯಿರುವ ಮಕ್ಕಳನ್ನು ಕೂರಿಸಿಕೊಂಡು ಆ ಒಂದು ಪುಟದ ಬರಹವನ್ನು ತಿದ್ದಿಸಲಿ. ವಿಶ್ವವಿದ್ಯಾಲಯ ಪರೀಕ್ಷೆಯ ದಿನಾಂಕಗಳನ್ನು ಮೊದಲೇ ತಿಳಿಸಿ, ಆಯ್ಕೆಯಾದವರಿಗೆ ದಾರಿ ಮಾಡಿಕೊಡಲಿ. ಇದಕ್ಕೆ ಹೊಸ ಕಟ್ಟಡವಾಗಲಿ, ದೊಡ್ಡ ಅನುದಾನವಾಗಲಿ ಬೇಕಿಲ್ಲ.