ಕಟ್ಟಡದ ಕಾಣದ ಖರ್ಚು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡರಲ್ಲಿಯೂ ಕೈ ಸುಡುವುದು ಪಟ್ಟಿಯಲ್ಲಿ ಬರೆದ ಖರ್ಚಿನಿಂದಲ್ಲ. ಬರೆಯದೆ ಬಿಟ್ಟ ಖರ್ಚಿನಿಂದ. ಮಂಡಿಕಲ್ಲಿನ ಸುತ್ತಮುತ್ತ ಸೈಜುಗಲ್ಲು, ಮರಳು, ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಇವುಗಳ ಲೆಕ್ಕವನ್ನು ಯಾವ ಮೇಸ್ತ್ರಿಯಾದರೂ ಬಾಯಲ್ಲೇ ಹೇಳಿಬಿಡುತ್ತಾನೆ. ಇವು ನೇರ ಖರ್ಚುಗಳು. ಗೋಡೆಯಲ್ಲಿಯೋ ಸೂರಿನಲ್ಲಿಯೋ ಕಣ್ಣಿಗೆ ಕಾಣುತ್ತವೆ.

ಕಾವಲುಗಾರನ ಸಂಬಳ, ಸಾಮಾನಿಡುವ ಶೆಡ್ಡು, ತಾತ್ಕಾಲಿಕ ವಿದ್ಯುತ್ತು, ಮೇಲ್ವಿಚಾರಕನ ಓಡಾಟ ಇವು ಯಾವ ಗೋಡೆಯಲ್ಲಿಯೂ ಕಾಣವು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಸೀಮೆಯಲ್ಲಿ ಟ್ಯಾಂಕರಿನ ನೀರನ್ನೂ ಇವುಗಳೊಡನೆ ಸೇರಿಸಬೇಕು. ಇವನ್ನೆಲ್ಲ ಒಟ್ಟಾಗಿ ಮೇಲುಖರ್ಚು ಎನ್ನುತ್ತಾರೆ. ಇದರಲ್ಲಿ ಎರಡು ಬಗೆ: ಕೆಲಸದ ಸ್ಥಳದಲ್ಲಿ ಆಗುವುದೊಂದು, ಗುತ್ತಿಗೆದಾರನ ಕಚೇರಿಯ ಬಾಡಿಗೆ, ಗುಮಾಸ್ತನ ಸಂಬಳ ಮುಂತಾಗಿ ಅವನ ಎಲ್ಲ ಕೆಲಸಗಳೂ ಹಂಚಿಕೊಂಡು ಹೊರಬೇಕಾದದ್ದು ಇನ್ನೊಂದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೇರ ಖರ್ಚು 20 ಲಕ್ಷ ರೂಪಾಯಿ. ಅವಧಿ 8 ತಿಂಗಳು. ಶೆಡ್ಡು ಮುಂತಾದ ಒಮ್ಮೆ ಮಾತ್ರ ಆಗುವ ಖರ್ಚು 40 ಸಾವಿರ. ತಿಂಗಳು ತಿಂಗಳೂ ಆಗುವುದು 20 ಸಾವಿರದಂತೆ 1 ಲಕ್ಷ 60 ಸಾವಿರ. ಅಲ್ಲಿಗೆ ಸ್ಥಳದ ಮೇಲುಖರ್ಚು 2 ಲಕ್ಷ. ಇನ್ನು ಗುತ್ತಿಗೆದಾರನು ವರ್ಷಕ್ಕೆ ಒಂದು ಕೋಟಿಯ ಕೆಲಸ ಮಾಡುವವನು, ಅವನ ಕಚೇರಿಯ ಖರ್ಚು 4 ಲಕ್ಷ ಎಂದಿಟ್ಟುಕೊಂಡರೆ, ಅದು ಶೇಕಡ 4. ನಮ್ಮ ಕಟ್ಟಡದ ಪಾಲು 80 ಸಾವಿರ. ಎರಡೂ ಕೂಡಿ 2 ಲಕ್ಷ 80 ಸಾವಿರ.

ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಗುತ್ತಿಗೆದಾರನ ಲಾಭ ಮತ್ತು ಮೇಲುಖರ್ಚು ಎರಡಕ್ಕೂ ಸೇರಿಸಿ ಶೇಕಡ 15 ಕೂಡಿಸುವ ಪದ್ಧತಿಯುಂಟು. ಆ ಪ್ರಕಾರ 20 ಲಕ್ಷಕ್ಕೆ 3 ಲಕ್ಷ. ನಮ್ಮ ಗುತ್ತಿಗೆದಾರನಿಗೆ ಉಳಿಯುವುದು 20 ಸಾವಿರ ಮಾತ್ರ.

ಈಗ ಕೆಲಸ 4 ತಿಂಗಳು ತಡವಾಯಿತೆನ್ನಿ. ಒಂದು ಕಲ್ಲೂ ಹೆಚ್ಚಾಗಿ ಏರಲಿಲ್ಲ. ಆದರೂ ಕಾವಲು, ಬಾಡಿಗೆ, ಸಂಬಳಗಳ ಬಾಬ್ತು 80 ಸಾವಿರ ಏರಿತು. ಲಾಭ ಹೋಗಿ 60 ಸಾವಿರ ನಷ್ಟ ಬಂದಿತು. ಈ ನಷ್ಟವನ್ನು ಅವನು ಎಲ್ಲಿ ತುಂಬಿಕೊಂಡಾನು? ಸಿಮೆಂಟಿನ ಪಾಕದಲ್ಲಿ, ಗೋಡೆಗೆ ಉಣಿಸಬೇಕಾದ ನೀರಿನಲ್ಲಿ. ಇಲ್ಲವೇ ಸೂರು ಬೀಳುವ ಮುನ್ನವೇ ಕೆಲಸ ಬಿಟ್ಟು ಹೋದಾನು. ಹೀಗೆ ಗುತ್ತಿಗೆದಾರನ ಲೆಕ್ಕದ ದೋಷ ಮನೆಯೊಡೆಯನ ತಲೆಗೆ ಬರುತ್ತದೆ. ಎಲ್ಲರಿಗಿಂತ ಕಡಮೆ ಹೇಳಿದವನಿಗೆ ಕೆಲಸ ಒಪ್ಪಿಸುವ ಮುನ್ನ ಇದನ್ನು ನೆನೆಯಬೇಕು.

ಆದುದರಿಂದ ಮೇಲುಖರ್ಚನ್ನು ಶೇಕಡದಿಂದ ಮಾತ್ರ ಅಳೆದರೆ ಸಾಲದು, ಕಾಲದಿಂದಲೂ ಅಳೆಯಬೇಕು. ತಡವಾದ ಕಾಲಕ್ಕೆ ಮೇಲುಖರ್ಚಿನ ಪರಿಹಾರವನ್ನು ಎಣಿಸಲು ಹಡ್ಸನ್, ಎಮ್ಡೆನ್, ಐಕ್ಲೇ ಎಂಬ ಸೂತ್ರಗಳಿವೆ. 2006ರಲ್ಲಿ ಮೆಕ್‌ಡರ್ಮಟ್ ಮತ್ತು ಬರ್ನ್ ಸ್ಟ್ಯಾಂಡರ್ಡ್ ಕಂಪನಿಗಳ ವ್ಯಾಜ್ಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇವುಗಳನ್ನು ಚರ್ಚಿಸಿದೆ.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದಾಗ, 1911ರಲ್ಲಿ, ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. ಮುಗಿಯಲು ಸುಮಾರು ಎರಡು ದಶಕಗಳು ಹಿಡಿದವು. ಅಂಥ ಕಾಮಗಾರಿಯಲ್ಲಿ ಕೆಲಸಗಾರರ ವಸತಿ, ದಾರಿ, ಉಗ್ರಾಣಗಳು ಕಟ್ಟೆಯ ಕಲ್ಲಿನಲ್ಲಿ ಕಾಣವು. ಅವಿಲ್ಲದೆ ಕಲ್ಲು ಏರುವುದೂ ಇಲ್ಲ.

ಮನೆ ಕಟ್ಟಿಸುವವರು ಅಂದಾಜು ಪಟ್ಟಿಯಲ್ಲಿ ಮೂರು ಸಾಲುಗಳನ್ನು ಬೇರೆಯಾಗಿ ಬರೆಸಿಕೊಳ್ಳಲಿ: ಒಮ್ಮೆ ಆಗುವ ಖರ್ಚು, ತಿಂಗಳಿಗೆ ಆಗುವ ಖರ್ಚು, ಕೆಲಸದ ತಿಂಗಳುಗಳು. ತಡವಾದರೆ ಹೊರೆ ಯಾರದೆಂಬುದನ್ನು ಕರಾರಿನಲ್ಲಿಯೇ ಕಾಣಿಸಲಿ. ಪಾಯ ತೋಡುವ ಮೊದಲು ಆಗಬೇಕಾದ ಕೆಲಸವಿದು.