ಎರಡು ನೀರುಕಾಗೆಗಳು

ತುಮಕೂರಿನ ಅಮಾನಿಕೆರೆಯಲ್ಲಿಯೂ ಗುಬ್ಬಿ, ಕುಣಿಗಲುಗಳ ಕೆರೆಗಳಲ್ಲಿಯೂ ಮುಳುಗಿ ಮೀನು ಹಿಡಿದು, ಆಮೇಲೆ ಒಣಗೊಂಬೆಯ ಮೇಲೆ ರೆಕ್ಕೆಗಳನ್ನು ಹರಡಿ ಕುಳಿತುಕೊಳ್ಳುವ ಕರಿಯ ಹಕ್ಕಿಗೆ ನೀರುಕಾಗೆಯೆಂಬ ಹೆಸರು ರೂಢಿಯಲ್ಲಿದೆ. ಅಮರಕೋಶದ 'ಮದ್ಗು' ಶಬ್ದಕ್ಕೂ ಇದೇ ಅರ್ಥವನ್ನು ಹೇಳುವುದುಂಟು. ಅರ್ಥವೇನೋ ತಪ್ಪಲ್ಲ, ಆದರೆ ಅದು ಒಂದೇ ಹಕ್ಕಿಯ ಹೆಸರಲ್ಲ. ಪುಟ್ಟ ನೀರುಕಾಗೆ, ಭಾರತೀಯ ನೀರುಕಾಗೆ ಎಂಬ ಎರಡು ಜಾತಿಗಳು ಆ ಒಂದು ಮಾತಿನಲ್ಲಿ ಬೆರೆತುಹೋಗಿವೆ. (ಮೂರನೆಯದಾದ ದೊಡ್ಡ ನೀರುಕಾಗೆಯು ಗಾತ್ರದಿಂದಲೇ ಬೇರೆಯೆಂದು ತಿಳಿಯುವುದರಿಂದ ಅದನ್ನಿಲ್ಲಿ ವಿಚಾರಿಸಬೇಕಾಗಿಲ್ಲ.)

ಬಣ್ಣವೊಂದನ್ನು ಬಿಟ್ಟರೆ ಕಾಗೆಗೂ ಇವಕ್ಕೂ ಹೋಲಿಕೆಯಿಲ್ಲ. ಇವುಗಳ ನಾಲ್ಕು ಬೆರಳುಗಳನ್ನೂ ಒಂದೇ ಪೊರೆಯು ಕೂಡಿಸುತ್ತದೆ. ಆದರೂ ಕಾಗೆಯೆಂದು ಕರೆದವರು ಕನ್ನಡಿಗರು ಮಾತ್ರವೇ ಅಲ್ಲ. ಇಂಗ್ಲಿಷಿನ 'ಕಾರ್ಮೊರಂಟ್' ಎಂಬುದೂ 'ಕಡಲ ಕಾಗೆ' ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದೇ.

ಪುಟ್ಟದರ ಉದ್ದ ಸುಮಾರು ೨೦ ಅಂಗುಲ, ಭಾರತೀಯದರದು ಸುಮಾರು ೨೫. ಎರಡೂ ಅಕ್ಕಪಕ್ಕದಲ್ಲಿದ್ದರೆ ಇಷ್ಟೇ ಸಾಕು. ಕತ್ತು ಮಾತ್ರ ನೀರಿನ ಮೇಲೆ ಕಾಣಿಸುತ್ತಿರುವ ಒಂಟಿ ಹಕ್ಕಿಯ ವಿಷಯದಲ್ಲಿ ಈ ಲೆಕ್ಕವು ನಿಷ್ಪ್ರಯೋಜಕ. ಆಗ ನೋಡಬೇಕಾದುದು ಕೊಕ್ಕನ್ನು. ಪುಟ್ಟದರ ಕೊಕ್ಕು ಮೋಟು, ತಲೆ ಚೌಕಾಕಾರ, ಕತ್ತು ಗಿಡ್ಡ. ಭಾರತೀಯದರ ಕೊಕ್ಕು ನೀಳವಾಗಿ ಸಪುರವಾಗಿದ್ದು ತುದಿಯಲ್ಲಿ ಬಾಗಿರುತ್ತದೆ, ಹಣೆಯು ಕೊಕ್ಕಿನತ್ತ ಇಳಿಜಾರಾಗಿರುತ್ತದೆ, ಕಣ್ಣು ನೀಲಿ. ಮರಿಮಾಡುವ ಕಾಲದಲ್ಲಿ ಭಾರತೀಯದಕ್ಕೆ ಕಣ್ಣಿನ ಹಿಂದೆ ಬಿಳಿಯ ಕುಚ್ಚೊಂದು ಮೂಡುತ್ತದೆ; ಪುಟ್ಟದಕ್ಕೆ ತಲೆಯ ಮೇಲೆ ಬಿಳಿಯ ಎಳೆಗರಿಗಳು ಚೆದರಿಕೊಂಡಿರುತ್ತವೆ. ಆ ಕಾಲ ಕಳೆದರೆ ಈ ಗುರುತುಗಳು ಮಾಯವಾಗುತ್ತವೆ, ಕೊಕ್ಕು ಮಾತ್ರ ಉಳಿಯುತ್ತದೆ.

ಬೇಟೆಯ ಕ್ರಮದಲ್ಲಿಯೂ ಭೇದವುಂಟು. ಭಾರತೀಯ ನೀರುಕಾಗೆಗಳು ಸಾಮಾನ್ಯವಾಗಿ ಗುಂಪುಗೂಡಿ ಮೀನುಗಳನ್ನು ಅಟ್ಟುತ್ತವೆ. ಪುಟ್ಟದು ಆಳವಿಲ್ಲದ ನೀರಿನಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಮುಳುಗುತ್ತದೆ. ಆದರೆ ಅದೂ ಒಮ್ಮೊಮ್ಮೆ ಗುಂಪುಗೂಡುವುದರಿಂದ ಇದನ್ನು ನಿರ್ಣಾಯಕವೆಂದು ಹೇಳಲಾಗದು.

'ಪುಟ್ಟ' ಎಂಬ ವಿಶೇಷಣವು ಒಂದು ಭ್ರಮೆಗೆ ಎಡೆಗೊಡುತ್ತದೆ. ವಿಯೆಯೊ ೧೮೧೭ರಲ್ಲಿ ವರ್ಣಿಸಿದ ಈ ಹಕ್ಕಿ ಇಂದಿನ ವರ್ಗೀಕರಣದಲ್ಲಿ 'ಮೈಕ್ರೊಕಾರ್ಬೊ' ಕುಲಕ್ಕೆ ಸೇರಿದೆ. ಸ್ಟೀಫನ್ಸ್ ೧೮೨೬ರಲ್ಲಿ ವರ್ಣಿಸಿದ ಭಾರತೀಯ ನೀರುಕಾಗೆಯು 'ಫ್ಯಾಲಕ್ರೊಕೊರಾಕ್ಸ್' ಕುಲದ್ದು. ಅಂದರೆ ಪುಟ್ಟದು ಭಾರತೀಯದರ ಕಿರಿಯ ರೂಪವಲ್ಲ. ಭಾರತೀಯದಕ್ಕೆ ಅದಕ್ಕಿಂತ ದೊಡ್ಡ ನೀರುಕಾಗೆಯೇ ಹತ್ತಿರದ ನೆಂಟ.

ಅಮರಕೋಶದಲ್ಲಿ ಮದ್ಗುವಿನ ಪಕ್ಕದಲ್ಲಿಯೇ ಕಾರಂಡವ, ಪ್ಲವ ಎಂಬ ಹೆಸರುಗಳೂ ಬರುತ್ತವೆಂದು, ಅವನ್ನು ಈ ಎರಡು ಜಾತಿಗಳಿಗೆ ಹಂಚಿಕೊಡುವುದು ಸಾಧುವಲ್ಲ. ಕೋಶಕಾರನು ಅಲ್ಲಿ ಹೆಸರುಗಳನ್ನು ಕೊಟ್ಟಿದ್ದಾನೆಯೇ ಹೊರತು ಕೊಕ್ಕಿನ ಲಕ್ಷಣವನ್ನು ಹೇಳಿಲ್ಲ.